ಗುಳಿಗೆಗೆ ಮೊದಲು ಕಾಲು ನೋಡು

ಅಳಿಯಪ್ಪಾ,

ಬೆಳಗ್ಗೆ ನಿನ್ನ ಫೋನ್ ಬಂದಾಗ ನಾನು ಹಾಲಿನ ಕ್ಯಾನು ಹಿಡಿದು ಹೊಸ್ತಿಲು ದಾಟುತ್ತಿದ್ದೆ. "ಮಾವ, ರಾತ್ರಿ ಚೆನ್ನಾಗೇ ಮಲಗಿದ್ದೆ. ಎದ್ದು ಕಾಲು ನೆಲಕ್ಕಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂಗಾತು. ಬಿದ್ದಿಲ್ಲ, ಎಡವಿಲ್ಲ, ಯಾಕೋ ಏನೋ. ಮೆಡಿಕಲ್ ಶಾಪಿಂದ ಒಂದು ಗುಳಿಗೆ ತರಿಸ್ಲಾ?" ಎಂದು ಕೇಳಿದೆ ನೀನು. ತರಿಸಬೇಡ, ಮೊದಲು ಬೆಳಕಿಗೆ ಬಂದು ಕೂತು ಎರಡೂ ಕಾಲು ನೋಡಿಕೋ ಎಂದು ಹೇಳಿ ಫೋನಿಟ್ಟೆ. ಹಾಗಂದಿದ್ದು ನಿನಗೆ ಬಿರುಸಾಗಿ ಕೇಳಿಸಿತೇನೋ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ಸರ್ಕಾರಿ ಆಸ್ಪತ್ರೆಗಳ ಡ್ರೆಸ್ಸಿಂಗ್ ಕೋಣೆಯಲ್ಲಿ 31 ವರ್ಷ ನಿಂತವನು. ಹುಣ್ಣು ತೊಳೆದು ಬ್ಯಾಂಡೇಜು ಸುತ್ತಿದ ಕೈ ಇದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ವರ್ಗವಾದ ಕಡೆಯೆಲ್ಲ ಹೋಗಿ ಬಂದೆ. ಕೆಲಸಕ್ಕೆ ಸೇರಿದಾಗ ನಮ್ಮ ಚನ್ನಗಿರಿ ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಜಿಲ್ಲೆ ಬದಲಾದರೂ ನನ್ನ ಸ್ಟೂಲಿನ ಮುಂದೆ ಬಂದು ಕೂರುವ ಕಾಲುಗಳು ಬದಲಾಗಲಿಲ್ಲ. ಮುಖ ನೋಡದೆಯೇ ಕಾಲು ನೋಡಿ ಯಾವ ಕಡೆಯವರು ಅಂತ ಹೇಳುತ್ತಿದ್ದೆ. ಹೊನ್ನಾಳಿ ಕಡೆಯ ಗದ್ದೆಯವರ ಬೆರಳ ಸಂದು ಕೆಸರುಹುಣ್ಣಿನಿಂದ ಬೆಳ್ಳಗೆ ನೆನೆದಿರುತ್ತಿತ್ತು. ಜಗಳೂರಿನವರ ಅಂಗಾಲಿನಲ್ಲಿ ಬಳ್ಳಾರಿ ಜಾಲಿ ಮುಳ್ಳಿನ ಹಳೇ ಕಪ್ಪು ಚುಕ್ಕಿಗಳು. ನಮ್ಮ ಚನ್ನಗಿರಿಯ ತೋಟದವರದು ಹಿಮ್ಮಡಿ ಒಡೆದು, ಆ ಬಿರುಕಿನೊಳಗೆ ಅಡಿಕೆ ತೊಗರು ಕೂತು ಕೆಂಪು ಗೆರೆ ಎಳೆದಂತೆ ಕಾಣುವ ಕಾಲು.

ಒಂದು ಪಾದದಲ್ಲಿ 26 ಮೂಳೆಗಳಿವೆ. ಎರಡೂ ಸೇರಿ 52. ಮೈಯಲ್ಲಿರುವ 206 ಮೂಳೆಗಳಲ್ಲಿ ಕಾಲು ಭಾಗ ಕಾಲಿನಲ್ಲೇ ಇದೆ ಅಂದಂಗಾಯಿತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಕೀಲು, ನರ, ಹುರಿ ತುಂಬಿರುವಾಗ ಅಲ್ಲಿನ ನೋವಿಗೆ ಒಂದೇ ಹೆಸರು, ಒಂದೇ ಗುಳಿಗೆ ಹೇಗಿದ್ದೀತು? ಇನ್ನೊಂದು ಮಾತು. ಭದ್ರಾ ಕಾಲುವೆಯ ಕೊನೇ ಭಾಗದ ರೈತರ ಪಾಡು ನಿನಗೆ ಹೇಳಿಕೊಡಬೇಕಿಲ್ಲ. ಮೇಲೆ ಎಲ್ಲೋ ಹೂಳು ತುಂಬಿದರೂ, ಯಾರೋ ಪೈಪು ಹಾಕಿ ಎತ್ತಿದರೂ, ಒಣಗುವುದು ಕೊನೇ ಭಾಗದ ಗದ್ದೆ. ಮೈಯಲ್ಲಿ ಪಾದ ಅಂದರೆ ಆ ಕೊನೇ ಭಾಗದ ಅಚ್ಚುಕಟ್ಟು. ರಕ್ತ ಕೊನೆಗೆ ಮುಟ್ಟುವುದು ಅಲ್ಲಿಗೆ, ಮೈಯ ಅತಿ ಉದ್ದದ ನರ ಮುಗಿಯುವುದೂ ಅಲ್ಲೇ. ಎದೆಯಲ್ಲಿ, ಸೊಂಟದಲ್ಲಿ, ಮೂತ್ರಪಿಂಡದಲ್ಲಿ ಆದ ಎಡವಟ್ಟೂ ಕಾಲಿನಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ ನೋವು ಎಲ್ಲಿದೆ, ಯಾವ ಹೊತ್ತಿಗೆ ಬಂತು, ಮುಟ್ಟಿದರೆ ಬಿಸಿಯೋ ತಣ್ಣಗೋ, ಇನ್ನೊಂದು ಕಾಲಿನ ಹಾಗೇ ಇದೆಯೋ ಇಲ್ಲವೋ ಎಂದು ಗುಳಿಗೆ ನುಂಗುವ ಮುಂಚೆ ನೋಡಿಕೊಳ್ಳಬೇಕು. ಗುಳಿಗೆ ಬಿದ್ದ ಮೇಲೆ ನೋವು ಸುಮ್ಮನಾಗುತ್ತದೆ. ಏನು ಹೇಳಲು ಬಂದಿತ್ತೋ ಅದೂ ಅಲ್ಲಿಗೇ ನಿಲ್ಲುತ್ತದೆ.

ನಿನ್ನದನ್ನೇ ಮೊದಲು ನೋಡೋಣ. ಮಲಗಿದ್ದಾಗ ಇಲ್ಲದ ನೋವು, ಬೆಳಗಿನ ಮೊದಲ ಹೆಜ್ಜೆಗೆ ಹಿಮ್ಮಡಿಯ ತಳಕ್ಕೆ ಚುಚ್ಚಿತು. ಹತ್ತು ಹೆಜ್ಜೆ ಕುಂಟಿದ ಮೇಲೆ ಹಗುರಾಯಿತು. ತಿಂಡಿಗೆ ಕೂತು ಎದ್ದಾಗ ಮತ್ತೆ ಚುಚ್ಚಿತು. ನಾನು ಕೇಳಿದ್ದಕ್ಕೆಲ್ಲ ನೀನು ಹೌದು ಹೌದು ಎಂದೆ. ಇದು ಅಂಗಾಲಿನ ಅಡಿಯಲ್ಲಿ ಹಿಮ್ಮಡಿಯಿಂದ ಬೆರಳ ಬುಡದವರೆಗೆ ಬಿಲ್ಲಿನ ಹೆದೆಯಂತೆ ಬಿಗಿದಿರುವ ಪಟ್ಟಿಯ ನೋವು. ಡಾಕ್ಟರು ಪ್ಲಾಂಟಾರ್ ಫ್ಯಾಸಿಯೈಟಿಸ್ ಅಂತಾರೆ. ರಾತ್ರಿ ಮಲಗಿದಾಗ ಪಾದ ಕೆಳಗೆ ಬಾಗಿ ಆ ಪಟ್ಟಿ ಕುಗ್ಗಿರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಇಡೀ ಮೈಭಾರ ಬಿದ್ದಾಗ ಒಮ್ಮೆಲೇ ಎಳೆದು, ಹಿಮ್ಮಡಿ ಮೂಳೆಗೆ ಅಂಟಿದ ಕಡೆ ನೋಯುತ್ತದೆ. ಅದಕ್ಕೇ ಮೊದಲ ಹೆಜ್ಜೆಯೇ ಶತ್ರು.

ಒಂದು ರಾತ್ರಿಯಲ್ಲಿ ಬಂತು ಅಂತ ನಿನಗನ್ನಿಸಿದೆ. ಅದು ತಿಂಗಳುಗಟ್ಟಲೆ ಕೂಡಿ ಬಂದದ್ದು. ಹೊಸ ಮನೆಗೆ ಗ್ರಾನೈಟ್ ಹಾಕಿಸಿದೆ. ಗೃಹಪ್ರವೇಶಕ್ಕೆ ಬಂದವರೆಲ್ಲ ಕನ್ನಡಿಯಂಗಿದೆ ಅಂದರು. ನಿಮ್ಮಜ್ಜನ ಮನೆಯಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲವಿತ್ತು, ಹೆಜ್ಜೆಗೆ ಒಂದಿಷ್ಟು ಮೆತ್ತಗೆ ಒಪ್ಪಿಕೊಳ್ಳುತ್ತಿತ್ತು. ಈಗ ಬರಿಗಾಲಲ್ಲಿ ಕಲ್ಲಿನ ಮೇಲೆ ಓಡಾಟ, ತೋಟಕ್ಕೆ ಹೋದರೆ ತೆಳ್ಳಗಿನ ಹವಾಯಿ ಚಪ್ಪಲಿ. ಅದರ ಮೇಲೆ ಎರಡು ವರ್ಷದಲ್ಲಿ ನಿನ್ನ ತೂಕವೂ ಏರಿದೆ, ನಿಜ ಹೇಳು. ಮೀನಖಂಡ ಬಿಗಿಯಾಗಿದ್ದರೆ ಪಟ್ಟಿಯ ಮೇಲೆ ಎಳೆತ ಇನ್ನೂ ಹೆಚ್ಚು.

ಹೀಗೆ ಮಾಡು. ನಾಳೆ ಬೆಳಗ್ಗೆ ಎಚ್ಚರಾದ ಕೂಡಲೇ ಇಳಿಯಬೇಡ. ಹಾಸಿಗೆಯ ಮೇಲೇ ಕೂತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಂಡು, ಕಾಲ್ಬೆರಳುಗಳನ್ನು ಕೈಯಲ್ಲಿ ಹಿಡಿದು ಮೊಣಕಾಲ ಕಡೆಗೆ ಎಳೆ. ಅಂಗಾಲಿನಲ್ಲಿ ತಂತಿ ಬಿಗಿದಂತೆ ಕೈಗೆ ಸಿಗುತ್ತದೆ, ಅದೇ ಆ ಪಟ್ಟಿ. 10 ಎಣಿಸುವವರೆಗೆ ಹಿಡಿ, ಬಿಡು. ಹೀಗೆ 10 ಸಲ. ಆಮೇಲೆ ಮೆತ್ತನೆ ಚಪ್ಪಲಿಯೊಳಗೇ ಕಾಲಿಡು, ಕಲ್ಲಿನ ಮೇಲಲ್ಲ. ಮಧ್ಯಾಹ್ನ, ರಾತ್ರಿ ಮತ್ತೆ ಅಷ್ಟೇ. ಗೋಡೆಗೆ ಕೈಯೂರಿ ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮೀನಖಂಡ ಎಳೆ. ಸಂಜೆ ನೀರಿನ ಬಾಟಲಿಯನ್ನು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಬಟ್ಟೆ ಸುತ್ತಿ, ಅಂಗಾಲಿನಡಿ ಹತ್ತು ನಿಮಿಷ ಉರುಳಿಸು. ವಾರದಲ್ಲಿ ಹೋಗುವ ನೋವಲ್ಲ ಇದು, ತಿಂಗಳುಗಳು ಹಿಡಿಯುತ್ತವೆ. ಆದರೆ ಬಹುಪಾಲು ಜನಕ್ಕೆ ವರ್ಷದೊಳಗೆ ಆಪರೇಷನ್ನಿಲ್ಲದೆ ವಾಸಿಯಾಗುತ್ತದೆ. ಎಕ್ಸ್‌ರೇ ತೆಗೆಸಿದರೆ ಹಿಮ್ಮಡಿಯಲ್ಲಿ ಮುಳ್ಳಿನಂತೆ ಮೂಳೆ ಬೆಳೆದದ್ದು ಕಂಡೀತು, ಕಂಡು ಹೆದರಬೇಡ. ಏನೂ ನೋವಿಲ್ಲದ ಎಷ್ಟೋ ಜನಕ್ಕೂ ಆ ಮುಳ್ಳು ಇರುತ್ತದೆ. ಅದನ್ನು ಕತ್ತರಿಸಿ ತೆಗೆಯಬೇಕು ಎಂದು ಯಾರಾದರೂ ಅವಸರ ಮಾಡಿದರೆ ಎದ್ದು ಬಾ.

ನಿನ್ನದು ಇಷ್ಟೇ. ಆದರೆ ಕಾಗದ ಇಲ್ಲಿಗೆ ನಿಲ್ಲಿಸಲಾರೆ. ನಾಳೆ ನಿನ್ನ ತೋಟದ ಆಳಿಗೋ ಪಕ್ಕದ ಮನೆಯ ಗೌಡರಿಗೋ ಕಾಲು ನೋವು ಬಂದರೆ, "ನಂಗೂ ಹಿಂಗೇ ಆಗಿತ್ತು, ಬಾಟ್ಲಿ ಉರುಳ್ಸು" ಎಂದು ನೀನು ಹೇಳುತ್ತೀಯ. ಅದು ನನಗೆ ಭಯ.

ನಡುರಾತ್ರಿ ಎಬ್ಬಿಸುವ ನೋವು ಬೇರೆ. ಮಾರಿಹಬ್ಬದ ಊಟ ಮುಗಿಸಿ ಮಲಗಿದವನಿಗೆ ಎರಡು ಗಂಟೆಗೆ ಹೆಬ್ಬೆರಳ ಬುಡ ಕೆಂಡದಂತೆ ಕೆಂಪಾಗಿ ಊದಿ, ಮೇಲೆ ಹೊದ್ದ ಪಂಚೆಯ ಅಂಚು ತಾಗಿದರೂ ಚೀರುವಂತಾಗುತ್ತದೆ. ಒಮ್ಮೆ ಹೊನ್ನಾಳಿಯಲ್ಲಿ ಅಣ್ಣತಮ್ಮಂದಿರಿಬ್ಬರು ಒಬ್ಬ ಹಿರಿಯರನ್ನು ಕುರ್ಚಿಯಲ್ಲೇ ಹೊತ್ತು ತಂದರು. ಫ್ಯಾನಿನ ಗಾಳಿ ಬಡಿದರೂ ನೋಯುತ್ತದೆಂದು ಕಾಲನ್ನು ಟವೆಲಿನ ಮರೆಯಲ್ಲಿ ಹಿಡಿದಿದ್ದರು. ಅದು ಗೌಟ್. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಕೀಲಿನೊಳಗೆ ಸೂಜಿಯಂಥ ಹರಳು ಕಟ್ಟಿದಾಗ ಬರುವುದು. ಹೆಬ್ಬೆರಳು ಮೈಯಿಂದ ದೂರ, ಅಲ್ಲಿ ತಂಪು ಹೆಚ್ಚು, ಹರಳು ಕಟ್ಟುವುದಕ್ಕೆ ಅನುಕೂಲ.

"ನಾವು ಮಾಂಸ ಮುಟ್ಟೋರಲ್ಲ, ನಮಗೆಲ್ಲಿ ಅದು" ಎಂದು ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹೇಳುತ್ತಾರೆ. ತಪ್ಪು ತಿಳುವಳಿಕೆ. ಯೂರಿಕ್ ಆಸಿಡ್ಡಿನ ಮೂರರಲ್ಲಿ ಎರಡು ಪಾಲು ನಮ್ಮ ಮೈಯೇ ತಯಾರಿಸುವುದು, ಊಟದಿಂದ ಬರುವುದು ಉಳಿದ ಒಂದು ಪಾಲು. ಹೆಚ್ಚಿನವರಲ್ಲಿ ತೊಂದರೆ ಇರುವುದು ಮೂತ್ರಪಿಂಡ ಅದನ್ನು ಸರಿಯಾಗಿ ಹೊರಹಾಕದೇ ಇರುವುದರಲ್ಲಿ. ಬಿ.ಪಿ.ಗೆ ಕೊಡುವ ನೀರಿಳಿಸುವ ಕೆಲವು ಗುಳಿಗೆ, ಬಿಯರು, ಬಾಟಲಿಯ ಸಿಹಿ ಪಾನೀಯ, ಬಿಸಿಲಲ್ಲಿ ನೀರು ಕುಡಿಯದೆ ದುಡಿದದ್ದು ಇವೂ ಎಬ್ಬಿಸುತ್ತವೆ. ಪಾಪ, ಬೇಳೆ ಸಾರು ಬಿಟ್ಟು ಸೊರಗಿದವರನ್ನು ನೋಡಿದ್ದೇನೆ. ಬೇಳೆಗೆ ಅಷ್ಟು ದೋಷವಿಲ್ಲ. ಇನ್ನೊಂದು ಸೂಕ್ಷ್ಮ: ನೋವಿನ ದಿನವೇ ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ ಸರಿಯಾಗಿಯೇ ಇದೆ ಅಂತ ಬರಬಹುದು. ಎರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಮೊದಲಿನಿಂದ ಅದಕ್ಕೆ ದಿನಾ ಗುಳಿಗೆ ತಗೊಳ್ಳುತ್ತಿರುವವರು ನೋವು ಬಂತೆಂದು ನಿಲ್ಲಿಸಬಾರದು. ಹೊಸದಾಗಿ ಯಾವಾಗ ಶುರು ಮಾಡಬೇಕು ಎನ್ನುವುದು ಡಾಕ್ಟರು ಹೇಳುವ ಮಾತು. ಕೀಲು ಊದಿ ಬಿಸಿಯಾಗಿರುವುದರ ಜೊತೆ ಚಳಿಜ್ವರವೂ ಇದ್ದರೆ ಗೌಟ್ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡ. ಕೀಲಿನಲ್ಲಿ ಕೀವು ತುಂಬಿರಬಹುದು. ಅದೇ ದಿನ ಆಸ್ಪತ್ರೆಗೆ.

ಇನ್ನು ನಡಿಗೆಯವರ ನೋವು. ಮಾಘದಲ್ಲಿ ದಾವಣಗೆರೆಯಿಂದ ಕೊಟ್ಟೂರಿಗೆ ಬಸವೇಶ್ವರನ ತೇರಿಗೆ ಪಾದಯಾತ್ರೆ ಹೊರಡುವವರನ್ನು ನೋಡಿದ್ದೀಯಲ್ಲ. ವರ್ಷವೆಲ್ಲ ಬೈಕು ಇಳಿಯದವರು ಹರಕೆ ಹೊತ್ತು ಒಮ್ಮೆಲೇ ಹಗಲೂ ರಾತ್ರಿ ಡಾಂಬರಿನ ಮೇಲೆ ನಡೆಯುತ್ತಾರೆ. ಬೊಕ್ಕೆ ಎದ್ದರೆ ಕಾಣುತ್ತದೆ, ಔಷಧಿ ಹಚ್ಚುತ್ತಾರೆ. ಕಾಣದ್ದು ಪಾದದ ನಡುವಿನ ಉದ್ದನೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿಡುವ ಬಿರುಕು. ಎಲ್ಲೂ ಬಿದ್ದಿರುವುದಿಲ್ಲ, ಆದರೆ ಪಾದದ ಮೇಲ್ಗಡೆ ಒಂದು ಜಾಗವನ್ನು ಬೆರಳಿಂದ ಒತ್ತಿದರೆ ಪ್ರಾಣ ಹೋದಂತಾಗುತ್ತದೆ. ಇದನ್ನು ಮೊದಲು ಗುರುತಿಸಿದ್ದು 1855ರಲ್ಲಿ, ಪ್ರಷ್ಯದ ಸೈನ್ಯದ ವೈದ್ಯ ಬ್ರೈಟ್‌ಹೌಪ್ಟ್. ಕವಾಯತು ಮಾಡಿದ ಹೊಸ ಸಿಪಾಯಿಗಳ ಪಾದ ಊದುವುದನ್ನು ಕಂಡು ಬರೆದಿಟ್ಟ. ಎಕ್ಸ್‌ರೇ ಬಂದದ್ದು 1895ರಲ್ಲಿ, ಆಮೇಲಷ್ಟೇ ಅದು ಮೂಳೆಯ ಬಿರುಕು ಎಂದು ತಿಳಿದದ್ದು. ಈಗಲೂ ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. "ಫೋಟೋದಲ್ಲಿ ಏನೂ ಇಲ್ಲ" ಎಂದು ಮತ್ತೆ ನಡೆದರೆ ಬಿರುಕು ಪೂರಾ ಮುರಿತವಾಗುತ್ತದೆ. ಒತ್ತಿದ ಜಾಗ ನೋಯುತ್ತಲೇ ಇದ್ದರೆ ಕಾಲಿಗೆ ವಿಶ್ರಾಂತಿ ಕೊಟ್ಟು ಮೂರನೇ ವಾರ ಮತ್ತೆ ತೋರಿಸಬೇಕು. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆದಿರುತ್ತದೆ, ಅವರಿಗೆ ಅಷ್ಟು ದೂರದ ನಡಿಗೆಯೂ ಬೇಕಿಲ್ಲ.

ಉಳುಕಿಗೆ ಒಂದೇ ಮಾತು. ಕಾಲು ಹೊರಳಿದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಅಥವಾ ಹರಡಿನ ಮೂಳೆಯ ಮೇಲೆಯೇ ಒತ್ತಿದರೆ ನೋಯುತ್ತಿದ್ದರೆ ಎಕ್ಸ್‌ರೇ ಆಗುವ ತನಕ ಯಾರ ಕೈಯಲ್ಲೂ ತಿಕ್ಕಿಸಬೇಡ. ಎಣ್ಣೆ ಹಚ್ಚಿ ಎಳೆದು ನೆಟಿಕೆ ತೆಗೆದದ್ದರಿಂದ ಸರಿಯಾಗಿದ್ದ ಮೂಳೆ ಜರುಗಿದ್ದನ್ನು ಕಂಡಿದ್ದೇನೆ.

ತೋಟದ ವಿಷಯಕ್ಕೆ ಬರುತ್ತೇನೆ. ಇದನ್ನು ಎರಡು ಸಲ ಓದು. ಕರೆಂಟು ಬರುವುದೇ ರಾತ್ರಿ ಅಂತ ಮೋಟರು ಹಾಕಲು ಹೋಗುತ್ತೀಯ. ಅಡಿಕೆ ಸೋಗೆ, ಹಾಳೆ, ಬಾಳೆಕಂದು ಬಿದ್ದ ತಂಪು ಜಾಗ. ಅಲ್ಲಿ ಕತ್ತಲಲ್ಲಿ ಕಾಲಿಗೆ ಚುರುಕ್ಕೆಂದರೆ "ಏನೋ ಚುಚ್ಚಿತು" ಎಂದು ಮನೆಗೆ ಬಂದು ಮಲಗುವವರಿದ್ದಾರೆ. ಕೊಳಕುಮಂಡಲ ಕಚ್ಚಿದರೆ ಉರಿ, ಬಾವು ಹರಡಿನಿಂದ ಮೇಲಕ್ಕೆ ಏರುತ್ತಾ ಹೋಗುತ್ತದೆ, ವಸಡಿನಲ್ಲಿ ರಕ್ತ ಜಿನುಗಬಹುದು. ಕಟ್ಟುಹಾವು ಕಚ್ಚಿದರೆ ನೋವೇ ಅಷ್ಟಾಗಿ ಇರುವುದಿಲ್ಲ, ಒಂದೆರಡು ಗಂಟೆಯಲ್ಲಿ ರೆಪ್ಪೆ ಜೋಲುತ್ತದೆ, ನಾಲಗೆ ತೊದಲುತ್ತದೆ. ಜಗಳೂರಿನಂಥ ಒಣ ಸೀಮೆಯಲ್ಲಿ ಗರಗಸ ಮಂಡಲ ಕಲ್ಲಿನ ಸಂದಿನಲ್ಲಿರುತ್ತದೆ. ಹಲ್ಲಿನ ಗುರುತು ಎರಡು ಚುಕ್ಕಿಯಾಗಿಯೇ ಇರಬೇಕೆಂದಿಲ್ಲ, ಬರೀ ಗೀರಿನಂತಿರಬಹುದು, ಕಾಣದೆಯೂ ಇರಬಹುದು.

ಹಗ್ಗ ಬಿಗಿಯಬೇಡ, ಬ್ಲೇಡಿನಲ್ಲಿ ಕೊಯ್ಯಬೇಡ, ಬಾಯಲ್ಲಿ ಹೀರಬೇಡ, ನಾಟಿ ಔಷಧಿ ಅಂತ ಅರ್ಧ ಗಂಟೆ ಕಳೆಯಬೇಡ. ಕಾಲುಂಗುರ, ಗೆಜ್ಜೆ, ದಾರ ಬಿಚ್ಚು. ಕಾಲನ್ನು ಅಡಿಕೆ ದಬ್ಬೆಗೆ ಸಡಿಲವಾಗಿ ಕಟ್ಟಿ ಅಲುಗಾಡದಂತೆ ಮಾಡು, ನಡೆಸಬೇಡ, 108ಕ್ಕೆ ಫೋನ್ ಮಾಡು. ತಡವಾಗುವುದಾದರೆ ಸಿಕ್ಕ ಗಾಡಿಯಲ್ಲಿ ಹೊರಡು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಔಷಧಿ, ಹಾವನ್ನು ಹೊಡೆದು ತರುವ ಅಗತ್ಯವಿಲ್ಲ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನನ್ನ ಕಾಲದಲ್ಲಿ ಎಷ್ಟೋ ಸಾವು ಲೆಕ್ಕಕ್ಕೇ ಸೇರದೆ ಹೋದವು. ಗಂಬೂಟು, ಬ್ಯಾಟರಿ ಇಲ್ಲದೆ ರಾತ್ರಿ ತೋಟಕ್ಕೆ ಇಳಿಯಬೇಡ ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೆ?

ಮುಳ್ಳಿನದೂ ಇದೇ ಸಾಲು. ಜಾಲಿ ಮುಳ್ಳು ಒಳಗೇ ಮುರಿದರೆ ಮೇಲಿನ ಗಾಯ ಮಾಯುತ್ತದೆ. ಹತ್ತು ದಿನದ ಮೇಲೆ "ಇದ್ದಕ್ಕಿದ್ದಂತೆ" ಕಾಲು ಊದಿ ಬಿಸಿಯಾಗಿ ಬರುತ್ತಾರೆ. ಮುಳ್ಳು ಚುಚ್ಚಿದ್ದು ಅವರಿಗೆ ನೆನಪೇ ಇರುವುದಿಲ್ಲ. ಧನುರ್ವಾಯು ಸೂಜಿ ಯಾವಾಗ ಹಾಕಿಸಿದ್ದೆ ಅಂತ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೋ. ಕೆಸರುಹುಣ್ಣಿನ ಬಿರುಕಿನಿಂದ ನಂಜು ಒಳಹೊಕ್ಕು ಮೀನಖಂಡದವರೆಗೆ ಕೆಂಪೇರುವುದೂ ಉಂಟು. ಅದಕ್ಕೆ ಆಂಟಿಬಯಾಟಿಕ್ ಬೇಕು, ಅರಿಶಿನ ಸಾಲದು.

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ತಣ್ಣನೆ ಕಾಲಿಗೆ. ಬಿಸಿ ಕಾಲು ಬೆಳಗಿನ ತನಕ ಕಾದೀತು, ತಣ್ಣನೆ ಕಾಲು ಕಾಯುವುದಿಲ್ಲ. ಒಮ್ಮೆಲೇ ನೋವು ಬಂದು, ಪಾದ ಬಿಳಿಚಿಕೊಂಡು, ಇನ್ನೊಂದು ಕಾಲಿಗೆ ಹೋಲಿಸಿದರೆ ಐಸಿನಂತಿದ್ದು, ಜೋಮು ಹಿಡಿದು, ಬೆರಳು ಆಡಿಸಲು ಆಗದಂತಿದ್ದರೆ ರಕ್ತನಾಳ ಕಟ್ಟಿದೆ ಎಂದರ್ಥ. ಹೃದಯದ ಬಡಿತ ತಾಳ ತಪ್ಪಿದವರಲ್ಲಿ ಅಲ್ಲೇ ಹೆಪ್ಪುಗಟ್ಟಿದ ರಕ್ತದ ತುಣುಕು ಹರಿದು ಬಂದು ಕಾಲಿನ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಬೀಡಿ ಸಿಗರೇಟಿನವರಲ್ಲಿ ನಾಳ ಮೊದಲೇ ಕಿರಿದಾಗಿರುತ್ತದೆ. ಇದಕ್ಕೆ ಗಡುವು ಸುಮಾರು 6 ಗಂಟೆ. ಆಮೇಲೆ ಮಾಂಸ ಸಾಯಲು ಶುರುವಾಗುತ್ತದೆ. ಒಂದು ಚಳಿಗಾಲದ ಬೆಳಗ್ಗೆ ಒಬ್ಬರನ್ನು ಕರೆತಂದರು. ರಾತ್ರಿ ಒಂಬತ್ತಕ್ಕೆ ನೋವು ಶುರುವಾಗಿದೆ. ಚಳಿಗೆ ಕಾಲು ಮರಗಟ್ಟಿದೆ ಅಂತ ಮನೆಯವರು ಬಿಸಿನೀರಿನ ಚೀಲ ಕಟ್ಟಿ, ಬಾಮು ತಿಕ್ಕಿ, ಬೆಳಕು ಹರಿಯಲಿ ಎಂದು ಕಾದಿದ್ದಾರೆ. ಚೀಲ ಇಟ್ಟ ಕಡೆ ಬೊಕ್ಕೆ ಎದ್ದಿತ್ತು, ಅದರ ಉರಿಯೂ ಅವರಿಗೆ ಗೊತ್ತಾಗಿರಲಿಲ್ಲ. ಮನೆಯವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಕಳೆದದ್ದು ಹೊತ್ತು. ಆ ಕಾಲು ಉಳಿಯಲಿಲ್ಲ.

ಪಾದದ ಮೇಲ್ಗಡೆ, ಹೆಬ್ಬೆರಳು ಮತ್ತು ಎರಡನೇ ಬೆರಳ ಸಂದಿನಿಂದ ನೇರ ಹರಡಿನ ಕಡೆಗೆ ಮೂರು ಬೆರಳು ಇಟ್ಟು ಮೆಲ್ಲಗೆ ಒತ್ತಿ ನೋಡು, ನಾಡಿ ಸಿಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಅಲ್ಲಿ ಸಿಗುವುದಿಲ್ಲ, ಅದಕ್ಕೇ ಎರಡೂ ಕಾಲು ಹೋಲಿಸಬೇಕು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲ, ಅದು ತಣ್ಣಗೂ ಇದೆ ಎಂದಾದರೆ ದಾವಣಗೆರೆಯೋ ಶಿವಮೊಗ್ಗವೋ ಯಾವುದು ಬೇಗ ಮುಟ್ಟುತ್ತದೋ ಅಲ್ಲಿನ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಹೊರಡಬೇಕು. ಇದರ ತಮ್ಮನಂಥದ್ದು ಇನ್ನೊಂದಿದೆ. ನಡೆದರೆ ಮೀನಖಂಡ ಹಿಡಿಯುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಬೀಡಿ ಸೇದುವ ನಮ್ಮ ಚೌಡಿಕಟ್ಟೆಯ ಹಿರಿಯರಲ್ಲಿ ಎಷ್ಟು ಜನ ಹೀಗೆ ನಿಂತು ನಿಂತು ಬರುತ್ತಾರೆ, ಗಮನಿಸು. ವಯಸ್ಸಾಯಿತು ಅಂತ ಅವರು ಅಂದುಕೊಂಡಿರುತ್ತಾರೆ.

ಇನ್ನು ಮೇಲಿನಿಂದ ಇಳಿಯುವ ನೋವುಗಳು. ಸೊಂಟದ ನರ ಒತ್ತಿಕೊಂಡರೆ ಚಳುಕು ತೊಡೆಯ ಹಿಂದಿನಿಂದ ಕಿರುಬೆರಳವರೆಗೆ ಹರಿಯುತ್ತದೆ. ಅದರ ಜೊತೆ ಮೂತ್ರ ಕಟ್ಟಿದರೆ, ಕೂರುವ ಜಾಗಕ್ಕೆ ಸ್ಪರ್ಶ ತಪ್ಪಿದರೆ ಅವತ್ತೇ ಆಸ್ಪತ್ರೆ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುವ ಹೆಂಗಸರು ಎದ್ದು ನಿಂತಾಗ ಪಾದ ಎತ್ತಲಾಗದೆ ಚಪ್ಪಲಿ ತುದಿ ನೆಲಕ್ಕೆ ಎಡವುವುದನ್ನು ನೋಡಿದ್ದೇನೆ. ಮೊಣಕಾಲಿನ ಹೊರಮಗ್ಗುಲಿನ ಮೂಳೆಗೆ ಒರಗಿ ಒಂದು ನರ ಹೋಗುತ್ತದೆ. ಚಕ್ಕಳಮಕ್ಕಳವೋ ಕುಕ್ಕರಗಾಲೋ ಹಾಕಿ ತಾಸುಗಟ್ಟಲೆ ಕೂತರೆ ಅದು ನಲುಗುತ್ತದೆ. ಈಗ ಯಂತ್ರ ಬಂದಿವೆ. ಆದರೂ ಕೈಯಲ್ಲಿ ಸುಲಿಸುವವರು ಅರ್ಧ ತಾಸಿಗೊಮ್ಮೆ ಅವರನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕು. ಕೂಲಿ ಕೊಡುವವನಿಗೆ ಅಷ್ಟು ಹೊಣೆ ಇದೆ, ನಿನಗೂ ಇದೆ.

ಜ್ವರದೊಂದಿಗೆ ಎರಡೂ ಹರಡು, ಮಣಿಕಟ್ಟು ಒಟ್ಟಿಗೆ ಹಿಡಿದರೆ ಚಿಕುನ್‌ಗುನ್ಯಾ ನೆನಪಿಸಿಕೋ. 2006ರಲ್ಲಿ ಕರ್ನಾಟಕವೊಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳ ಲೆಕ್ಕ ಬಂತು. ಆಗ ನಮ್ಮ ಆಸ್ಪತ್ರೆಯ ಮೆಟ್ಟಿಲನ್ನು ಜನ ಕೂತುಕೊಂಡೇ ಹತ್ತುತ್ತಿದ್ದರು. ಜಗಳೂರು ಕಡೆಯವರ ಮೈಕೈ ಬಿಗಿತಕ್ಕೆ ಬೋರಿನ ನೀರಿನ ಫ್ಲೋರೈಡ್ ಕಾರಣವಿರಬಹುದು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುತ್ತಾರೆ. ಅದು ಒಂದೇ ರಾತ್ರಿಯಲ್ಲಿ ಬರುವ ನೋವಲ್ಲ, ವರ್ಷಗಟ್ಟಲೆ ಕುಡಿದದ್ದರ ಫಲ.

ಇಷ್ಟೆಲ್ಲ ಕಾರಣ ಇರುವಾಗ, ಒಂದು ಇಂಜೆಕ್ಷನ್ ಚುಚ್ಚಿ ಕಳಿಸುವವರ ಬಾಗಿಲಲ್ಲಿ ಸಾಲು ನಿಂತಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ವಾತಕ್ಕೆ ಅಂತ ಪೊಟ್ಟಣದಲ್ಲಿ ಕೊಡುವ ಹೆಸರಿಲ್ಲದ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆತಿರುವುದುಂಟು. ಮೂರು ದಿನದಲ್ಲಿ ನೋವು ಮಾಯ, ಮೂರು ತಿಂಗಳಲ್ಲಿ ಮುಖ ಊದಿ, ಶುಗರ್ ಏರಿ, ಮೂಳೆ ಟೊಳ್ಳಾಗುತ್ತದೆ. ನನ್ನ ಹತ್ತಿರದ ಸಂಬಂಧಿಯೊಬ್ಬರು ಮಂಡಿ ನೋವಿಗೆ ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿ ಮೂತ್ರಪಿಂಡ ಕೆಡಿಸಿಕೊಂಡರು. ನಾನು ಅದೇ ಇಲಾಖೆಯಲ್ಲಿದ್ದೂ ತಡೆಯಲಾಗಲಿಲ್ಲ ಎನ್ನುವುದು ಇವತ್ತಿಗೂ ಕೊರಗು.

ಈಗ ಕಾಗದದ ಕೊನೆಗೆ, ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ನಿನ್ನ ಕಾಲು ನೋಯುತ್ತಿದೆ, ಆದ್ದರಿಂದ ನನಗೆ ಧೈರ್ಯ. ನೋಯದ ಕಾಲಿನದೇ ಚಿಂತೆ.

ಜಗಳೂರಿನಲ್ಲಿದ್ದಾಗ ಒಬ್ಬರು ಟಯರ್ ಚಪ್ಪಲಿ ಹಾಕಿಕೊಂಡು ನಡೆದೇ ಬಂದರು. ಬಂದದ್ದು ಕೆಮ್ಮಿಗೆ. ನೆಲದ ಮೇಲೆ ಹೆಜ್ಜೆಗೊಂದು ಕೆಂಪು ಬೊಟ್ಟು ಬೀಳುತ್ತಾ ಬಂದದ್ದನ್ನು ನೋಡಿ ಕೂರಿಸಿದೆ. ಚಪ್ಪಲಿ ತೆಗೆಯಲು ಹೋದರೆ ಬರಲಿಲ್ಲ, ಅಂಗಾಲಿಗೆ ಅಂಟಿದಂತಿತ್ತು. ಮೆಲ್ಲಗೆ ಎಳೆದಾಗ ಚಪ್ಪಲಿಯ ಜೊತೆ ಒಂದಂಗುಲದ ಮೊಳೆ ಹೊರಬಂತು. ಟಯರು ತೂರಿ ಅಂಗಾಲಿನೊಳಗೆ ಇಳಿದಿತ್ತು. ಸಂತೆಯಿಂದ ಅಲ್ಲಿಯವರೆಗೆ ಆ ಮೊಳೆಯ ಮೇಲೇ ನಡೆದು ಬಂದಿದ್ದರು. "ಏನೋ ಬಿಗಿ ಆದಂಗಾಗಿತ್ತು" ಅಂದರು, ಅಷ್ಟೇ. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಅವರದು. ಮೊದಲು ಪಾದ ಉರಿಯುತ್ತಿತ್ತಂತೆ, ರಾತ್ರಿ ಇರುವೆ ಹರಿದಂತೆ ಆಗುತ್ತಿತ್ತಂತೆ. ಆಮೇಲೆ ಅದೂ ನಿಂತಿತು. ವಾಸಿಯಾಯಿತು ಅಂದುಕೊಂಡಿದ್ದರು. ನಿಂತದ್ದು ಕಾಯಿಲೆಯಲ್ಲ, ನರ.

ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ ಕುಷ್ಠರೋಗಿಗಳ ನಡುವೆ ದುಡಿದ ಡಾ. ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ರೋಗಿಗಳ ಬೆರಳು ರೋಗದಿಂದ ತಾನೇ ಉದುರುತ್ತದೆ ಎಂದು ಲೋಕ ನಂಬಿದ್ದಾಗ, ನೋವು ತಿಳಿಯದ್ದರಿಂದ ಆಗುವ ಸುಟ್ಟಗಾಯ, ಒತ್ತುಗಾಯಗಳೇ ಕೈಕಾಲು ಕೆಡಿಸುತ್ತವೆ ಎಂದು ತೋರಿಸಿಕೊಟ್ಟವರು ಅವರು. ನೋವು ಮನುಷ್ಯನಿಗೆ ದೊಡ್ಡ ಕಾವಲು ಎಂದು ಬದುಕಿಡೀ ಹೇಳಿದರು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಕೊಡುವ ಮೆತ್ತನೆ ಎಂ.ಸಿ.ಆರ್. ಚಪ್ಪಲಿ ಆಗಿನ ಕುಷ್ಠರೋಗದ ಕೆಲಸದಿಂದಲೇ ಬಂದದ್ದು, ಈಗ ಸಕ್ಕರೆ ಕಾಯಿಲೆಯವರಿಗೂ ಅದೇ ಆಸರೆ. ಸಕ್ಕರೆ ಕಾಯಿಲೆಯವರ ಒಂದು ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಅಷ್ಟಾಗಿ ನೋಯದೆ ಇದ್ದರೆ ಒಳಗೆ ಮೂಳೆಗಳೇ ಕುಸಿಯುತ್ತಿರಬಹುದು. ಆ ಕಾಲಿನ ಮೇಲೆ ಒಂದು ಹೆಜ್ಜೆಯನ್ನೂ ಇಡಿಸದೆ ಡಾಕ್ಟರಿಗೆ ತೋರಿಸಬೇಕು. ಆಣಿಗೆ ಎಕ್ಕದ ಹಾಲು, ಅಂಗಡಿಯ ಆಣಿ ಪಟ್ಟಿ ಇವನ್ನು ಅಂಥವರು ಮುಟ್ಟಲೇಬಾರದು.

ನಿಮ್ಮಮ್ಮನಿಗೆ ಶುಗರ್ ಬಂದು ಹನ್ನೆರಡು ವರ್ಷವಾಯಿತು. ಹೋದ ಸಲ ಬಂದಾಗ ಕೇಳಿದೆ, "ಕಾಲು ಹೆಂಗಿದೆ ತಂಗಿ?" ಅಂತ. "ನಂಗೇನಣ್ಣ, ಮೊದಲು ಉರೀತಿತ್ತು, ಈಗ ಏನೂ ಇಲ್ಲ" ಅಂದಳು. ಆ ಮಾತು ಅವತ್ತಿನಿಂದ ನನ್ನ ಕಿವಿಯಲ್ಲೇ ಇದೆ. ತುಳಸಿಕಟ್ಟೆಗೆ ನೀರು ಹಾಕಲು ಬರಿಗಾಲಲ್ಲಿ ಹೋಗುತ್ತಾಳೆ, ಕಣದಲ್ಲೂ ಬರಿಗಾಲು.

ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ನೀನು ಕೆಳಗೆ ಕೂತುಕೋ. ಉಗುರುಬೆಚ್ಚಗಿನ ನೀರಿನಲ್ಲಿ ಪಾದ ತೊಳೆದು, ಬಿಸಿ ಎಷ್ಟಿದೆ ಅಂತ ನಿನ್ನ ಮೊಣಕೈ ಅದ್ದಿ ಮೊದಲು ನೋಡಿಕೊಂಡು, ಬೆರಳ ಸಂದನ್ನು ಹತ್ತಿಬಟ್ಟೆಯಿಂದ ಒಣಗಿಸು. ಮೊಬೈಲಿನ ಟಾರ್ಚು ಹಾಕಿ ಅಂಗಾಲು, ಹಿಮ್ಮಡಿ, ಬೆರಳ ಸಂದು ಎಲ್ಲ ನೋಡು. ಚಪ್ಪಲಿಯೊಳಗೆ ಕೈಹಾಕಿ ತಡವು. ಅವಳು ಕಣ್ಣು ಮುಚ್ಚಿಕೊಂಡಿರುವಾಗ ನಿನ್ನ ಬೆರಳ ತುದಿಯನ್ನು ಅವಳ ಹೆಬ್ಬೆರಳಿಗೆ, ಕಿರುಬೆರಳಿಗೆ ಹಗುರವಾಗಿ ಮುಟ್ಟಿಸಿ, ಮುಟ್ಟಿದ್ದು ಗೊತ್ತಾಯಿತಾ ಅಂತ ಕೇಳು. ಮಗ ಕಾಲು ಹಿಡಿದಿದ್ದಾನೆ ಅಂತ ನಾಚಿ ಎಳೆದುಕೊಳ್ಳುತ್ತಾಳೆ, ಬಿಡಬೇಡ. ಎಷ್ಟು ಕಡೆ ಗೊತ್ತಾಯಿತು, ಎಷ್ಟು ಕಡೆ ಇಲ್ಲ ಅಂತ ಎಣಿಸಿಕೊಂಡು ಊಟಕ್ಕೆ ಮೊದಲು ನನಗೆ ಫೋನ್ ಮಾಡು. ನಾನು ಕಾಯುತ್ತಿರುತ್ತೇನೆ.

ನಿನ್ನ ಸೋದರಮಾವ